ಹೆನ್ರಿ ಮಾಡ್‌ಸ್ಲೇ

ಹೆನ್ರಿ ಮಾಡ್‌ಸ್ಲೇ (22 ಆಗಸ್ಟ್ 1771 – 14 ಫೆಬ್ರವರಿ 1831) ಇಂಗ್ಲೆಂಡಿನ ಯಂತ್ರಶಿಲ್ಪಿ, ಉಪಕರಣ ನಿರ್ಮಾಪಕ ಹಾಗೂ ಉದ್ಯಮಿ. ಲೋಹದ ಸರಳಿನ ಮೇಲೆ ತಿರುಪಿನ ಸುರುಳಿಯನ್ನು ನಿಖರವಾಗಿ ಕೊರೆಯುವ ಲೇತ್ ಯಂತ್ರವನ್ನು ಕಾರ್ಯಾಗಾರದ ನಿತ್ಯಬಳಕೆಗೆ ಒಗ್ಗುವ ರೂಪಕ್ಕೆ ತಂದವರೆಂದು ಇವರು ಪ್ರಸಿದ್ಧರು. ಅಲ್ಲಿಯವರೆಗೆ ಕುಶಲಿಯ ಕೈ ಮತ್ತು ಕಣ್ಣನ್ನು ಅವಲಂಬಿಸಿದ್ದ ನಿಖರತೆಯನ್ನು ಯಂತ್ರಕ್ಕೆ ವರ್ಗಾಯಿಸಿದ್ದು ಇವರ ಮುಖ್ಯ ಸಾಧನೆ. ಇವರ ಕಾರ್ಯಾಗಾರದಲ್ಲಿ ಪಳಗಿದ ಹಲವರು ಹತ್ತೊಂಬತ್ತನೆಯ ಶತಮಾನದ ಹೆಸರಾಂತ ಎಂಜಿನಿಯರುಗಳಾದರು. ಯಂತ್ರಗಳನ್ನು ತಯಾರಿಸುವ ಯಂತ್ರಗಳ ಚರಿತ್ರೆಯಲ್ಲಿ ಮಾಡ್‌ಸ್ಲೇಯವರಿಗೆ ಮೊದಲ ಸಾಲಿನಲ್ಲಿ ಸ್ಥಾನವಿದೆ.

ಆರಂಭಿಕ ಜೀವನ

ಮಾಡ್‌ಸ್ಲೇಯವರು ಥೇಮ್ಸ್ ನದಿಯ ದಂಡೆಯಲ್ಲಿರುವ ವುಲಿಚ್ ಎಂಬಲ್ಲಿ ಜನಿಸಿದರು. ತಂದೆಯ ಹೆಸರೂ ಹೆನ್ರಿ ಎಂದೇ. ಸೈನ್ಯದಲ್ಲಿ ಗಾಡಿಚಕ್ರ ಮಾಡುವ ಕೆಲಸದಲ್ಲಿದ್ದ ತಂದೆ ಯುದ್ಧದಲ್ಲಿ ಗಾಯಗೊಂಡ ಬಳಿಕ ವುಲಿಚ್‌ನ ಸರ್ಕಾರಿ ಶಸ್ತ್ರಾಗಾರವಾದ ರಾಯಲ್ ಆರ್ಸೆನಲ್‌ನಲ್ಲಿ ಉಗ್ರಾಣದ ಕೆಲಸಕ್ಕೆ ಸೇರಿದ್ದರು. ಏಳು ಮಂದಿ ಮಕ್ಕಳಲ್ಲಿ ಹೆನ್ರಿ ಐದನೆಯವರು. 1780ರಲ್ಲಿ ತಂದೆ ತೀರಿಕೊಂಡರು.

ಹನ್ನೆರಡನೆಯ ವಯಸ್ಸಿನಲ್ಲಿ ಹೆನ್ರಿ ಅದೇ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಹುಡುಗರ ಸಾಲಿಗೆ ಸೇರಿದರು. ಎರಡು ವರ್ಷಗಳ ಬಳಿಕ ಅವರನ್ನು ಬಡಗಿಗಳ ವಿಭಾಗಕ್ಕೆ ಕಳುಹಿಸಲಾಯಿತು. ಆದರೆ ಅವರ ಒಲವು ಮರಕ್ಕಿಂತ ಕಬ್ಬಿಣದ ಕಡೆಗಿತ್ತು. ಹದಿನೈದನೆಯ ವಯಸ್ಸಿನಲ್ಲಿ ಕಮ್ಮಾರಸಾಲೆಗೆ ವರ್ಗವಾದ ಮೇಲೆ, ಕಾದ ಕಬ್ಬಿಣವನ್ನು ಬಡಿದು ರೂಪಿಸುವುದರಲ್ಲಿಯೂ ಅರದಿಂದ ಉಜ್ಜಿ ಅಳತೆಗೆ ತರುವುದರಲ್ಲಿಯೂ ಅಸಾಧಾರಣ ಕೈಚಳಕ ಗಳಿಸಿದರು. ಕೆಲವೇ ವರ್ಷಗಳಲ್ಲಿ ಅವರ ಹೆಸರು ಶಸ್ತ್ರಾಗಾರದ ಗೋಡೆಯಾಚೆಗೂ ಹರಡಿತು.

ಬ್ರಾಮಾ ಅವರ ಕಾರ್ಯಾಗಾರದಲ್ಲಿ

ಆ ದಿನಗಳಲ್ಲಿ ಲಂಡನ್ನಿನ ಜೋಸೆಫ್ ಬ್ರಾಮಾ ಎಂಬ ಉದ್ಯಮಿ ಹೊಸ ಮಾದರಿಯ ಬೀಗವೊಂದಕ್ಕೆ ಪೇಟೆಂಟ್ ಪಡೆದಿದ್ದರು. ಬೀಗದ ವಿನ್ಯಾಸ ಉತ್ತಮವಾಗಿದ್ದರೂ ಅದರ ಬಿಡಿಭಾಗಗಳನ್ನು ಬೇಕಾದಷ್ಟು ಸೂಕ್ಷ್ಮವಾಗಿ ತಯಾರಿಸುವುದು ಕಷ್ಟವಾಗಿತ್ತು. ಬ್ರಾಮಾ ಅವರ ಕೆಲಸಗಾರರೊಬ್ಬರು ಮಾಡ್‌ಸ್ಲೇ ಅವರ ಹೆಸರನ್ನು ಸೂಚಿಸಿದರು. 1789ರಲ್ಲಿ ಎದುರಿಗೆ ಬಂದು ನಿಂತ ಹದಿನೆಂಟರ ತರುಣನನ್ನು ಕಂಡು ಬ್ರಾಮಾ ಹಿಂಜರಿದರೆಂದೂ, ಸವೆದುಹೋಗಿದ್ದ ಬೆಂಚ್ ವೈಸ್ ಒಂದನ್ನು ಆ ದಿನವೇ ಹೊಸದರಂತೆ ಸರಿಪಡಿಸಿಕೊಟ್ಟು ಮಾಡ್‌ಸ್ಲೇ ಕೆಲಸ ಗಿಟ್ಟಿಸಿಕೊಂಡರೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ.

ಬ್ರಾಮಾ ಅವರ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನು ಪ್ರದರ್ಶನಕ್ಕಿಟ್ಟು, ಕೀಲಿಯಿಲ್ಲದೆ ಅದನ್ನು ತೆರೆದವರಿಗೆ 200 ಗಿನಿ ಬಹುಮಾನವನ್ನು ಘೋಷಿಸಲಾಗಿತ್ತು. ಈ ಬೀಗ ಮಾಡ್‌ಸ್ಲೇ ಅವರ ಕೈಕೆಲಸವೆಂದು ಪ್ರತೀತಿ. ಅರುವತ್ತು ವರ್ಷಗಳ ಕಾಲ ಅದು ಯಾರಿಗೂ ಮಣಿಯಲಿಲ್ಲ. 1851ರಲ್ಲಿ ಅಮೆರಿಕದ ಬೀಗತಜ್ಞ ಹಾಬ್ಸ್ ಎಂಬವರು ಹದಿನಾರು ದಿನಗಳ ಅವಧಿಯಲ್ಲಿ ಒಟ್ಟು 51 ಗಂಟೆಗಳಷ್ಟು ಶ್ರಮಿಸಿ ಅದನ್ನು ತೆರೆದರು.

ಬೀಗದೊಳಗಿನ ಸ್ಪ್ರಿಂಗುಗಳನ್ನು ಒಂದೇ ಸಮನಾಗಿ ಸುತ್ತಲು ಮಾಡ್‌ಸ್ಲೇ ಒಂದು ಚಿಕ್ಕ ಯಂತ್ರವನ್ನು ನಿರ್ಮಿಸಿದರು. ಉದ್ದವಾದ ತಿರುಪೊಂದು ತಿರುಗುತ್ತ ತಂತಿಯನ್ನು ಅಳತೆಗೆ ಸರಿಯಾಗಿ ಮುಂದಕ್ಕೆ ಒಯ್ಯುವ ಈ ಏರ್ಪಾಡಿನಲ್ಲಿ, ಮುಂದೆ ಅವರು ರೂಪಿಸಿದ ಲೇತ್‌ನ ಬೀಜವನ್ನು ಕಾಣಬಹುದು. ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಜಲಒತ್ತಡದ ಪ್ರೆಸ್ಸಿನಲ್ಲಿ ನೀರು ಸೋರುವುದೇ ದೊಡ್ಡ ತೊಡಕಾಗಿತ್ತು. ಒತ್ತಡ ಹೆಚ್ಚಿದಷ್ಟೂ ತಾನೇ ಬಿಗಿಯಾಗಿ ಅಂಟಿಕೊಳ್ಳುವ ತೊಗಲಿನ ಪಟ್ಟಿಯನ್ನು ಅಳವಡಿಸಿ ಆ ತೊಡಕನ್ನು ನಿವಾರಿಸಿದವರು ಮಾಡ್‌ಸ್ಲೇ ಎಂದು ಅವರ ಶಿಷ್ಯರು ದಾಖಲಿಸಿದ್ದಾರೆ.

1791ರಲ್ಲಿ ಮಾಡ್‌ಸ್ಲೇ ಬ್ರಾಮಾ ಅವರ ಮನೆಗೆಲಸದಲ್ಲಿದ್ದ ಸಾರಾ ಟಿಂಡೆಲ್ ಅವರನ್ನು ವಿವಾಹವಾದರು. ದಂಪತಿಗಳಿಗೆ ನಾಲ್ವರು ಗಂಡುಮಕ್ಕಳು. ಕಾರ್ಯಾಗಾರದ ಮೇಲ್ವಿಚಾರಕರ ಹುದ್ದೆಗೆ ಏರಿದರೂ ಮಾಡ್‌ಸ್ಲೇ ಅವರ ಸಂಬಳ ವಾರಕ್ಕೆ 30 ಷಿಲಿಂಗುಗಳನ್ನು ದಾಟಿರಲಿಲ್ಲ. ಬೆಳೆಯುತ್ತಿದ್ದ ಸಂಸಾರವನ್ನು ನೆನೆದು 1797ರಲ್ಲಿ ಅವರು ಸಂಬಳ ಹೆಚ್ಚಿಸಬೇಕೆಂದು ಕೇಳಿಕೊಂಡರು. ಬ್ರಾಮಾ ಒಪ್ಪಲಿಲ್ಲ. ಎಂಟು ವರ್ಷಗಳ ಸೇವೆಯನ್ನು ತೊರೆದು ಮಾಡ್‌ಸ್ಲೇ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯ ಸಮೀಪದ ವೆಲ್ಸ್ ಬೀದಿಯಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದರು. ಚಿತ್ರಕಾರರೊಬ್ಬರ ಚಿತ್ರಫಲಕದ ಚೌಕಟ್ಟಿಗೆ ಕಬ್ಬಿಣದ ಭಾಗಗಳನ್ನು ಮಾಡಿಕೊಟ್ಟದ್ದು ಅವರಿಗೆ ದೊರೆತ ಮೊದಲ ಕೆಲಸವೆನ್ನಲಾಗಿದೆ.

ತಿರುಪು ಕೊರೆಯುವ ಲೇತ್

ಲೇತ್ ಬಹು ಪ್ರಾಚೀನ ಯಂತ್ರ. ಕೆಲಸದ ವಸ್ತು ತಿರುಗುತ್ತಿರುವಾಗ ಅದಕ್ಕೆ ಉಳಿಯನ್ನು ತಾಗಿಸಿ ಬೇಕಾದ ಆಕಾರವನ್ನು ಪಡೆಯುವುದು ಅದರ ತತ್ತ್ವ. ಮರವನ್ನು ಕಡೆಯುವಾಗ ಉಳಿಯನ್ನು ಕೈಯಲ್ಲಿ ಹಿಡಿದರೂ ನಡೆಯುತ್ತದೆ. ಲೋಹದ ವಿಷಯ ಹಾಗಲ್ಲ. ಕೈ ಕೂದಲೆಳೆಯಷ್ಟು ಅಲುಗಿದರೂ ಅದರ ಗುರುತು ವಸ್ತುವಿನ ಮೇಲೆ ಮೂಡುತ್ತದೆ. ತಿರುಪಿನ ಸುರುಳಿಯನ್ನು ಕೊರೆಯುವುದಂತೂ ಇನ್ನೂ ಕಠಿಣ. ಉಳಿ ಆಳವನ್ನು ಕಾಪಾಡಿಕೊಳ್ಳುವುದಲ್ಲದೆ, ಸರಳು ಒಂದು ಸುತ್ತು ತಿರುಗುವಷ್ಟರಲ್ಲಿ ನಿಗದಿತ ದೂರವನ್ನು ಹೆಚ್ಚುಕಡಿಮೆಯಿಲ್ಲದೆ ಕ್ರಮಿಸಬೇಕು. ಒಂದು ಸುರುಳಿಯಿಂದ ಮುಂದಿನ ಸುರುಳಿಗಿರುವ ಈ ದೂರಕ್ಕೆ ಪಿಚ್ ಎಂದು ಹೆಸರು.

ಮಾಡ್‌ಸ್ಲೇ ಅವರ ಲೇತ್‌ನಲ್ಲಿ ಮೂರು ಅಂಗಗಳು ಒಂದುಗೂಡಿದ್ದವು. ಮೊದಲನೆಯದು ಸ್ಲೈಡ್ ರೆಸ್ಟ್, ಅಂದರೆ ಉಳಿಯನ್ನು ಬಿಗಿಯಾಗಿ ಹಿಡಿದು ನೇರವಾದ ಲೋಹದ ಹಳಿಯ ಮೇಲೆ ಜಾರುವ ಪೀಠ. ಎರಡನೆಯದು ಲೀಡ್ ಸ್ಕ್ರೂ; ಯಂತ್ರದ ಉದ್ದಕ್ಕೂ ಚಾಚಿಕೊಂಡಿರುವ ಈ ತಿರುಪು ತಿರುಗಿದಂತೆ ಅದಕ್ಕೆ ನಟ್ಟಿನ ಮೂಲಕ ಜೋಡಿಸಿದ ಪೀಠ ಮುಂದಕ್ಕೆ ಸರಿಯುತ್ತದೆ. ಮೂರನೆಯದು, ಕೆಲಸದ ವಸ್ತುವನ್ನು ತಿರುಗಿಸುವ ಸ್ಪಿಂಡಲ್‌ಗೂ ಲೀಡ್ ಸ್ಕ್ರೂವಿಗೂ ಸಂಬಂಧ ಕಲ್ಪಿಸುವ ಹಲ್ಲುಗಾಲಿಗಳ ಸರಣಿ. ಸುಮಾರು 1797ರ ಮೊದಲ ಯಂತ್ರದಲ್ಲಿ ಬೇರೆ ಪಿಚ್ ಬೇಕಾದಾಗ ಲೀಡ್ ಸ್ಕ್ರೂವನ್ನೇ ಬದಲಿಸಬೇಕಾಗುತ್ತಿತ್ತು. ಕೆಲವು ವರ್ಷಗಳ ಅನಂತರದ ಯಂತ್ರದಲ್ಲಿ ಲೀಡ್ ಸ್ಕ್ರೂ ಒಂದೇ. ಬದಲಾಗುತ್ತಿದ್ದುದು ಗೇರುಗಳು ಮಾತ್ರ.

ಈ ಏರ್ಪಾಡಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಲೀಡ್ ಸ್ಕ್ರೂವಿನ ಪಿಚ್ 6 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಕೊರೆಯಬೇಕಾದ ತಿರುಪಿನ ಪಿಚ್ 1.5 ಮಿಲಿಮೀಟರ್. ಸ್ಪಿಂಡಲ್ ನಾಲ್ಕು ಸುತ್ತು ತಿರುಗುವಾಗ ಲೀಡ್ ಸ್ಕ್ರೂ ಒಂದು ಸುತ್ತು ತಿರುಗಿದರೆ ಸಾಕು. ಸ್ಪಿಂಡಲ್ ಕಡೆಗೆ 20 ಹಲ್ಲುಗಳ ಗೇರನ್ನೂ ಲೀಡ್ ಸ್ಕ್ರೂ ಕಡೆಗೆ 80 ಹಲ್ಲುಗಳ ಗೇರನ್ನೂ ಹಾಕಿದರೆ ಈ ಪ್ರಮಾಣ ದೊರೆಯುತ್ತದೆ. ಹೀಗೆ ಒಂದು ಒಳ್ಳೆಯ ತಿರುಪಿನಿಂದ ನಾನಾ ಅಳತೆಯ ತಿರುಪುಗಳನ್ನು ಪಡೆಯಬಹುದು.

ಆ ಮೊದಲ ಒಳ್ಳೆಯ ತಿರುಪನ್ನು ಎಲ್ಲಿಂದ ತರುವುದು ಎಂಬುದು ಮಾಡ್‌ಸ್ಲೇ ಎದುರಿಸಿದ ನಿಜವಾದ ಸಮಸ್ಯೆ. ಲೀಡ್ ಸ್ಕ್ರೂವಿನಲ್ಲಿರುವ ದೋಷವು ಅದರಿಂದ ಹುಟ್ಟುವ ಪ್ರತಿಯೊಂದು ತಿರುಪಿಗೂ ಇಳಿದುಬರುತ್ತದೆ. ಮರ ಅಥವಾ ಮೃದು ಲೋಹದ ದುಂಡನೆಯ ಸರಳಿಗೆ ನಿರ್ದಿಷ್ಟ ಓರೆಯಲ್ಲಿ ಅರ್ಧಚಂದ್ರಾಕಾರದ ಅಲಗನ್ನು ಒತ್ತಿಹಿಡಿದು ತಿರುಗಿಸಿದಾಗ, ಅಲಗು ತನ್ನ ಓರೆಗೆ ತಕ್ಕ ಸುರುಳಿಯನ್ನು ತಾನೇ ಗೀರುತ್ತ ಸಾಗುವಂತಹ ಉಪಕರಣವೊಂದನ್ನು ಅವರು ರೂಪಿಸಿದರು. ಹಲವು ಬಾರಿ ಪ್ರಯತ್ನಿಸಿ, ಬಂದವುಗಳಲ್ಲಿ ಉತ್ತಮವಾದುದನ್ನು ಆರಿಸಿ, ಅದನ್ನು ಉಕ್ಕಿನ ಮೇಲೆ ಪಡಿಮೂಡಿಸಿ, ಮತ್ತೆ ತಿದ್ದಿ ಮಾದರಿ ತಿರುಪುಗಳನ್ನು ಸಿದ್ಧಪಡಿಸಿದರು. ಖಗೋಳ ಉಪಕರಣಗಳ ಅಳತೆಪಟ್ಟಿಗಳನ್ನು ವಿಭಾಗಿಸುವುದಕ್ಕೆಂದು ಅವರು ತಯಾರಿಸಿದ ಒಂದು ತಿರುಪು 5 ಅಡಿ ಉದ್ದ, 2 ಅಂಗುಲ ವ್ಯಾಸ ಹೊಂದಿದ್ದು, ಅಂಗುಲಕ್ಕೆ 50 ಸುರುಳಿಗಳನ್ನು ಒಳಗೊಂಡಿತ್ತು. ಅದರ ನಟ್ಟಿನ ಉದ್ದವೇ 12 ಅಂಗುಲ. ಎಂದರೆ 600 ಸುರುಳಿಗಳು ಏಕಕಾಲದಲ್ಲಿ ಒಂದಕ್ಕೊಂದು ಹೊಂದಿಕೊಂಡಿರುತ್ತಿದ್ದವು.

ಶೋಧದ ಶ್ರೇಯಸ್ಸು

ತಿರುಪು ಕೊರೆಯುವ ಲೇತ್‌ನ ಶೋಧಕರೆಂದು ಮಾಡ್‌ಸ್ಲೇ ಒಬ್ಬರನ್ನೇ ಹೆಸರಿಸುವ ವಾಡಿಕೆ ಇದೆ. ಇದು ಪೂರ್ಣವಾಗಿ ಸರಿಯಲ್ಲ. ಇಂತಹ ಯಂತ್ರದ ರೇಖಾಚಿತ್ರ ಲಿಯೊನಾರ್ಡೊ ಡ ವಿಂಚಿಯ ಹಾಳೆಗಳಲ್ಲಿ ದೊರೆತಿದೆ. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ಜಾಕ್ ದ ವೋಕಾನ್ಸನ್ ಲೋಹದ ಹಳಿಯ ಮೇಲೆ ಸರಿಯುವ ಉಳಿಪೀಠವುಳ್ಳ ಲೇತ್ ನಿರ್ಮಿಸಿದ್ದರು. ಲಂಡನ್ನಿನ ಉಪಕರಣ ತಯಾರಕ ಜೆಸ್ಸಿ ರಾಮ್ಸ್‌ಡನ್ 1770ರ ದಶಕದಲ್ಲಿ ತಿರುಪು ಕೊರೆಯುವ ಲೇತ್ ಬಳಸಿದ್ದರು. ಅಮೆರಿಕದಲ್ಲಿ ಡೇವಿಡ್ ವಿಲ್ಕಿನ್ಸನ್ 1798ರಲ್ಲಿ ಇದೇ ಬಗೆಯ ಯಂತ್ರಕ್ಕೆ ಪೇಟೆಂಟ್ ಪಡೆದರು.

ಹಿಂದಿನ ಯಂತ್ರಗಳಲ್ಲಿ ಬಹುತೇಕ ವಿಶೇಷ ಕೆಲಸಗಳಿಗೆ, ಅದರಲ್ಲಿಯೂ ಚಿಕ್ಕ ಉಪಕರಣಗಳಿಗೆ ಸೀಮಿತವಾಗಿದ್ದವು. ಸ್ಲೈಡ್ ರೆಸ್ಟ್, ಲೀಡ್ ಸ್ಕ್ರೂ, ಬದಲಿಸಬಲ್ಲ ಗೇರುಗಳು ಈ ಮೂರನ್ನೂ ಗಟ್ಟಿಮುಟ್ಟಾದ ಲೋಹದ ಚೌಕಟ್ಟಿನಲ್ಲಿ ಕೂಡಿಸಿ, ಸಾಮಾನ್ಯ ಎಂಜಿನಿಯರಿಂಗ್ ಕಾರ್ಯಾಗಾರದ ದಿನನಿತ್ಯದ ಯಂತ್ರವನ್ನಾಗಿ ಮಾಡಿದ್ದು ಮಾಡ್‌ಸ್ಲೇ ಅವರ ಹೆಚ್ಚುಗಾರಿಕೆ. ಅವರ ಆರಂಭಿಕ ಲೇತ್ ಇಂದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಅಳತೆಯ ನಿಖರತೆ

ಅಂದು ಪ್ರತಿಯೊಂದು ಬೋಲ್ಟಿಗೂ ಅದರದೇ ಆದ ನಟ್ಟು ಇರುತ್ತಿತ್ತು. ಯಂತ್ರವನ್ನು ಬಿಚ್ಚಿದಾಗ ಜೋಡಿಗಳು ಬೆರೆತುಹೋದರೆ ಮತ್ತೆ ಹೊಂದಿಸುವುದು ದೊಡ್ಡ ಫಜೀತಿ. ಮಾಡ್‌ಸ್ಲೇ ತಮ್ಮ ಕಾರ್ಯಾಗಾರದ ಮಟ್ಟಿಗೆ ತಿರುಪುಗಳ ಗಾತ್ರ ಮತ್ತು ಪಿಚ್‌ಗಳನ್ನು ಗೊತ್ತುಪಡಿಸಿ, ಅದಕ್ಕೆ ತಕ್ಕ ಟ್ಯಾಪ್ ಮತ್ತು ಡೈಗಳನ್ನು ಸಿದ್ಧಪಡಿಸಿದರು. ಇದರಿಂದ ಒಂದೇ ಗಾತ್ರದ ಯಾವ ನಟ್ಟಾದರೂ ಯಾವ ಬೋಲ್ಟಿಗಾದರೂ ಕೂರುವಂತಾಯಿತು.

ತಿರುಪನ್ನು ಅಳತೆಯ ಸಾಧನವಾಗಿಯೂ ಅವರು ಬಳಸಿದರು. ಅವರ ಬೆಂಚ್ ಮೈಕ್ರೋಮೀಟರಿನ ತಿರುಪಿನಲ್ಲಿ ಅಂಗುಲಕ್ಕೆ 100 ಸುರುಳಿಗಳಿದ್ದು, ಅದರ ತಲೆಯ ಬಿಲ್ಲೆಯನ್ನು 100 ಭಾಗ ಮಾಡಲಾಗಿತ್ತು. ಬಿಲ್ಲೆಯ ಒಂದು ಗೆರೆ ಸರಿದರೆ ಅಂಗುಲದ ಹತ್ತುಸಾವಿರದಲ್ಲಿ ಒಂದು ಭಾಗದಷ್ಟು ಚಲನೆ. ಕಾರ್ಯಾಗಾರದಲ್ಲಿ ಅಳತೆಯ ಬಗ್ಗೆ ವಿವಾದ ಎದ್ದಾಗ ಕೊನೆಯ ತೀರ್ಪು ಇದರದಾಗಿತ್ತು. ಆದಕಾರಣ ಇದಕ್ಕೆ ಇಂಗ್ಲೆಂಡಿನ ಅಂದಿನ ಅತ್ಯುನ್ನತ ನ್ಯಾಯಾಧಿಕಾರಿಯ ಪದವಿನಾಮವಾಗಿದ್ದ ಲಾರ್ಡ್ ಚಾನ್ಸಲರ್ ಎಂಬ ಹೆಸರು ಬಿದ್ದಿತು. ಸಪಾಟಾದ ಮೇಲ್ಮೈಗಳನ್ನು ಪರೀಕ್ಷಿಸಲು ಕೆಲಸಗಾರರ ಬೆಂಚುಗಳ ಮೇಲೆ ಮಾದರಿ ಲೋಹಫಲಕಗಳನ್ನು ಇರಿಸುವ ಪದ್ಧತಿಯನ್ನೂ ಅವರು ರೂಢಿಗೆ ತಂದರು.

ಪೋರ್ಟ್ಸ್‌ಮತ್‌ನ ಕಪ್ಪಿ ಕಾರ್ಖಾನೆ

ಹಾಯಿಹಡಗುಗಳ ಕಾಲದಲ್ಲಿ ಹಗ್ಗಗಳನ್ನು ಎಳೆಯಲು ಮರದ ಕಪ್ಪಿಗಳು ಅಪಾರ ಸಂಖ್ಯೆಯಲ್ಲಿ ಬೇಕಾಗುತ್ತಿದ್ದವು. ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಕಪ್ಪಿಗಳ ಅಗತ್ಯವಿತ್ತು. ಅವನ್ನೆಲ್ಲ ಕುಶಲಕರ್ಮಿಗಳು ಕೈಯಿಂದಲೇ ಮಾಡುತ್ತಿದ್ದರು. ಫ್ರಾನ್ಸಿನಿಂದ ಬಂದಿದ್ದ ಎಂಜಿನಿಯರ್ ಮಾರ್ಕ್ ಇಸಂಬಾರ್ಡ್ ಬ್ರುನೆಲ್ ಈ ಕೆಲಸಕ್ಕೆ ಯಂತ್ರಗಳ ಸರಣಿಯೊಂದನ್ನು ಕಲ್ಪಿಸಿದ್ದರು. ಅದನ್ನು ಲೋಹದಲ್ಲಿ ಮೂಡಿಸಬಲ್ಲವರನ್ನು ಅವರು ಹುಡುಕುತ್ತಿದ್ದಾಗ ಮಾಡ್‌ಸ್ಲೇ ಅವರ ಪರಿಚಯವಾಯಿತು. ನೌಕಾ ಕಾಮಗಾರಿಗಳ ಮುಖ್ಯಸ್ಥರಾಗಿದ್ದ ಸ್ಯಾಮ್ಯುಯೆಲ್ ಬೆಂಥಮ್ ಯೋಜನೆಯನ್ನು ಬೆಂಬಲಿಸಿದರು.

1802ರಿಂದ ಸುಮಾರು ಆರು ವರ್ಷಗಳ ಅವಧಿಯಲ್ಲಿ ಮಾಡ್‌ಸ್ಲೇ ನಲವತ್ತಕ್ಕೂ ಹೆಚ್ಚು ಯಂತ್ರಗಳನ್ನು ನಿರ್ಮಿಸಿ ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ಒದಗಿಸಿದರು. ಗರಗಸದಿಂದ ಕೊಯ್ಯುವುದು, ರಂಧ್ರ ಕೊರೆಯುವುದು, ಗಾಡಿ ತೆಗೆಯುವುದು, ದುಂಡಗೆ ಕಡೆಯುವುದು ಹೀಗೆ ಒಂದೊಂದು ಯಂತ್ರಕ್ಕೆ ಒಂದೊಂದು ಕೆಲಸ. 1808ರ ವೇಳೆಗೆ ವಾರ್ಷಿಕ ತಯಾರಿಕೆ 1,30,000 ಕಪ್ಪಿಗಳನ್ನು ಮುಟ್ಟಿತು. ಲೋಹದ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ಒಂದೇ ಬಗೆಯ ವಸ್ತುವನ್ನು ರಾಶಿರಾಶಿಯಾಗಿ ತಯಾರಿಸಿದ ಮೊದಲ ನಿದರ್ಶನಗಳಲ್ಲಿ ಇದೊಂದು. ಈ ಯಂತ್ರಗಳಲ್ಲಿ ಕೆಲವು ಇಪ್ಪತ್ತನೆಯ ಶತಮಾನದವರೆಗೂ ದುಡಿದವು.

ಈ ಸಾಧನೆಗೆ ಇನ್ನೊಂದು ಮುಖವೂ ಉಂಟು. ಹಿಂದೆ 110 ಮಂದಿ ಕುಶಲಕರ್ಮಿಗಳು ಮಾಡುತ್ತಿದ್ದ ಕೆಲಸಕ್ಕೆ ವಿಶೇಷ ತರಬೇತಿಯಿಲ್ಲದ ಹತ್ತು ಮಂದಿ ಸಾಕಾದರು. ವರ್ಷಗಟ್ಟಲೆ ಅಭ್ಯಾಸದಿಂದ ಕೈಗೆ ಬಂದಿದ್ದ ವಿದ್ಯೆಯ ಬೆಲೆ ಒಮ್ಮೆಲೇ ಕುಸಿಯಿತು. ಅದೇ ವೇಳೆ, ಅಂತಹ ಯಂತ್ರಗಳನ್ನು ಕಟ್ಟಬಲ್ಲ ಫಿಟ್ಟರ್ ಮತ್ತು ಟರ್ನರುಗಳಿಗೆ ಹೊಸ ಬೇಡಿಕೆ ಹುಟ್ಟಿತು.

ಲ್ಯಾಂಬೆತ್ ಕಾರ್ಖಾನೆ

ಪೋರ್ಟ್ಸ್‌ಮತ್ ಕೆಲಸದಿಂದ ಬಂದ ಹೆಸರು ಮತ್ತು ಹಣದ ಬಲದಿಂದ 1810ರಲ್ಲಿ ಮಾಡ್‌ಸ್ಲೇ ಲ್ಯಾಂಬೆತ್‌ನ ವೆಸ್ಟ್‌ಮಿನ್‌ಸ್ಟರ್ ಬ್ರಿಡ್ಜ್ ರಸ್ತೆಯಲ್ಲಿ ವಿಶಾಲವಾದ ಕಾರ್ಖಾನೆಯನ್ನು ಸ್ಥಾಪಿಸಿದರು. ಹಡಗುಕಟ್ಟೆಯಲ್ಲಿ ನಕ್ಷೆಗಾರರಾಗಿದ್ದ ಜೋಷುವಾ ಫೀಲ್ಡ್ ಅವರ ಸಹವರ್ತಿಯಾಗಿ, ಬಳಿಕ ಪಾಲುದಾರರಾದರು. ಮುಂದೆ ಸಂಸ್ಥೆ ಮಾಡ್‌ಸ್ಲೇ, ಸನ್ಸ್ ಅಂಡ್ ಫೀಲ್ಡ್ ಎಂಬ ಹೆಸರಿನಿಂದ ಪ್ರಸಿದ್ಧಿ ಪಡೆಯಿತು.

1807ರಲ್ಲಿ ಮಾಡ್‌ಸ್ಲೇ ಕಡಿಮೆ ಜಾಗ ಹಿಡಿಯುವ ಟೇಬಲ್ ಎಂಜಿನ್ ಎಂಬ ಉಗಿಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. 1815ರಲ್ಲಿ ರಿಚ್ಮಂಡ್ ಎಂಬ ದೋಣಿಗೆ 17 ಅಶ್ವಶಕ್ತಿಯ ಎಂಜಿನ್ ಒದಗಿಸಿದ ಮೇಲೆ ಹಡಗಿನ ಎಂಜಿನುಗಳೇ ಸಂಸ್ಥೆಯ ಪ್ರಧಾನ ಉತ್ಪಾದನೆಯಾದವು. 1825ರಲ್ಲಿ ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟು 113 ದಿನಗಳ ಪಯಣದ ಬಳಿಕ ಕಲ್ಕತ್ತಾ ತಲುಪಿದ ಎಂಟರ್‌ಪ್ರೈಸ್ ಹಡಗಿನಲ್ಲಿಯೂ ಇವರ ಎಂಜಿನುಗಳಿದ್ದವು. ಉಗಿಶಕ್ತಿಯ ನೆರವಿನಿಂದ ಇಂಗ್ಲೆಂಡಿನಿಂದ ಭಾರತಕ್ಕೆ ಬಂದ ಮೊದಲ ಹಡಗು ಅದು. ಅದೇ ವರ್ಷ ಬ್ರುನೆಲ್ ಥೇಮ್ಸ್ ನದಿಯ ಅಡಿಯಲ್ಲಿ ಸುರಂಗ ತೋಡಲಾರಂಭಿಸಿದಾಗ, ಅಗೆಯುವವರ ತಲೆಯ ಮೇಲೆ ಮಣ್ಣು ಕುಸಿಯದಂತೆ ತಡೆಯುವ ಕಬ್ಬಿಣದ ಬೃಹತ್ ಚೌಕಟ್ಟನ್ನು ಲ್ಯಾಂಬೆತ್ ಕಾರ್ಖಾನೆಯೇ ತಯಾರಿಸಿಕೊಟ್ಟಿತು.

ಶಿಷ್ಯ ಪರಂಪರೆ

ಮಾಡ್‌ಸ್ಲೇ ಪುಸ್ತಕ ಬರೆಯಲಿಲ್ಲ. ಅವರ ವಿದ್ಯೆ ಹರಡಿದ್ದು ಅವರಲ್ಲಿ ಕೆಲಸ ಮಾಡಿದವರ ಮೂಲಕ. ರಿಚರ್ಡ್ ರಾಬರ್ಟ್ಸ್ ಲೋಹವನ್ನು ಹತ್ತರಿ ಹಿಡಿದು ಸಮತಟ್ಟು ಮಾಡುವ ಯಂತ್ರವನ್ನೂ ಸ್ವಯಂಚಾಲಿತ ನೂಲುವ ಯಂತ್ರವನ್ನೂ ರೂಪಿಸಿದರು. ಮುಖ್ಯ ನಕ್ಷೆಗಾರರಾಗಿದ್ದ ಜೋಸೆಫ್ ಕ್ಲೆಮೆಂಟ್, ಚಾರ್ಲ್ಸ್ ಬ್ಯಾಬೇಜ್ ಅವರ ಗಣನಯಂತ್ರದ ಭಾಗಗಳನ್ನು ನಿರ್ಮಿಸಿದರು. ಜೋಸೆಫ್ ವಿಟ್ವರ್ತ್ 1841ರಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ತಿರುಪಿನ ಮಾನಕವನ್ನು ಮುಂದಿಟ್ಟು, ಗುರುವಿನ ಕಾರ್ಯಾಗಾರಕ್ಕೆ ಸೀಮಿತವಾಗಿದ್ದ ವ್ಯವಸ್ಥೆಯನ್ನು ರಾಷ್ಟ್ರವ್ಯಾಪಿಯಾಗಿಸಿದರು.

ಉಗಿಸುತ್ತಿಗೆಯ ನಿರ್ಮಾಪಕ ಜೇಮ್ಸ್ ನ್ಯಾಸ್ಮಿತ್ 1829ರಲ್ಲಿ ಸ್ಕಾಟ್ಲೆಂಡಿನಿಂದ ಬಂದು, ತಾವೇ ಮಾಡಿದ ಉಗಿಯಂತ್ರದ ಮಾದರಿಯನ್ನು ತೋರಿಸಿ ಮಾಡ್‌ಸ್ಲೇ ಅವರ ಆಪ್ತ ಸಹಾಯಕರಾದರು. ಗುರುವಿನ ಕೆಲಸದ ರೀತಿಯನ್ನು ಅವರು ತಮ್ಮ ಆತ್ಮಕಥೆಯಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾರೆ. ಕೆಲಸ ಆರಂಭಿಸುವ ಮುನ್ನ ಬೇಕಾದದ್ದೇನೆಂಬುದರ ಸ್ಪಷ್ಟ ಕಲ್ಪನೆಯಿರಬೇಕು, ಅನಗತ್ಯವಾದ ಒಂದು ಪೌಂಡ್ ಲೋಹವೂ ಯಂತ್ರದಲ್ಲಿರಬಾರದು, ತೊಡಕಾದ ರಚನೆಯನ್ನು ಬಿಟ್ಟು ಸರಳವಾದುದನ್ನು ಹಿಡಿಯಬೇಕು ಎಂಬುದು ಮಾಡ್‌ಸ್ಲೇ ಅವರ ಬೋಧನೆಯ ಸಾರ. ಎರಕದ ಭಾಗಗಳ ಒಳಮೂಲೆಗಳು ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಆರಂಭವಾಗುವುದೆಂದು, ಅವನ್ನು ದುಂಡಾಗಿಸಬೇಕೆಂದು ಅವರು ಒತ್ತಾಯಿಸುತ್ತಿದ್ದರು.

ಕೊನೆಯ ದಿನಗಳು

ಜೀವನದ ಕೊನೆಯ ವರ್ಷಗಳಲ್ಲಿ ಮಾಡ್‌ಸ್ಲೇ ಅವರಿಗೆ ಖಗೋಳವೀಕ್ಷಣೆಯಲ್ಲಿ ಆಸಕ್ತಿ ಮೂಡಿತು. 24 ಅಂಗುಲ ವ್ಯಾಸದ ಕನ್ನಡಿಯುಳ್ಳ ದೂರದರ್ಶಕವನ್ನು ಸ್ವತಃ ನಿರ್ಮಿಸುವ ಯೋಜನೆ ಹಾಕಿಕೊಂಡಿದ್ದರು. ಅದು ಕೈಗೂಡಲಿಲ್ಲ. 1831ರ ಜನವರಿಯಲ್ಲಿ ಕಾಯಿಲೆಯಲ್ಲಿದ್ದ ಮಿತ್ರರನ್ನು ನೋಡಲು ಫ್ರಾನ್ಸಿಗೆ ಹೋಗಿ, ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಮರಳುವಾಗ ಶೀತಕ್ಕೆ ತುತ್ತಾದರು. ನಾಲ್ಕು ವಾರಗಳ ಅಸ್ವಸ್ಥತೆಯ ಬಳಿಕ ಫೆಬ್ರವರಿ 14ರಂದು, 59ನೆಯ ವಯಸ್ಸಿನಲ್ಲಿ ನಿಧನರಾದರು. ಹುಟ್ಟೂರಾದ ವುಲಿಚ್‌ನ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನ ಆವರಣದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಕುಟುಂಬಕ್ಕಾಗಿ ಅಲ್ಲಿ ನಿಲ್ಲಿಸಿದ ಎರಕದ ಕಬ್ಬಿಣದ ಸ್ಮಾರಕವನ್ನು ಅವರೇ ವಿನ್ಯಾಸಗೊಳಿಸಿದ್ದರು.

ಪುತ್ರರು ಮತ್ತು ಫೀಲ್ಡ್ ಸಂಸ್ಥೆಯನ್ನು ಮುಂದುವರಿಸಿದರು. 1838ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಗ್ರೇಟ್ ವೆಸ್ಟರ್ನ್ ಹಡಗಿನ ಎಂಜಿನುಗಳು ಇವರ ತಯಾರಿಕೆ. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಸಂಸ್ಥೆ ಮುಚ್ಚಿಹೋಯಿತು.

ಇಂದಿನ ಲೇತ್‌ಗಳಲ್ಲಿ ಲೀಡ್ ಸ್ಕ್ರೂ

ಮಾಡ್‌ಸ್ಲೇ ರೂಪಿಸಿದ ಏರ್ಪಾಡಿನಲ್ಲಿ ಇಂದು ಹೆಚ್ಚಾಗಿ ಬದಲಾಗಿರುವುದು ಮೂರನೆಯ ಅಂಗ, ಅಂದರೆ ಗೇರುಗಳ ಸರಣಿ. ಗಣಕನಿಯಂತ್ರಿತ ಯಂತ್ರಗಳಲ್ಲಿ ಹಾಗೂ ಮಾರ್ಪಡಿಸಿದ ಚಿಕ್ಕ ಲೇತ್‌ಗಳಲ್ಲಿ ಲೀಡ್ ಸ್ಕ್ರೂವಿಗೆ ಪ್ರತ್ಯೇಕ ಮೋಟಾರು ಇರುತ್ತದೆ. ಚಿಕ್ಕ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಸ್ಟೆಪ್ಪರ್ ಮೋಟಾರು. ಒಂದೊಂದು ವಿದ್ಯುತ್ ಸಂಕೇತಕ್ಕೆ ಒಂದೊಂದು ಹೆಜ್ಜೆಯಂತೆ ತಿರುಗುವ ಈ ಮೋಟಾರು, ರೂಢಿಯಲ್ಲಿರುವ ಮಾದರಿಗಳಲ್ಲಿ 200 ಹೆಜ್ಜೆಗಳಿಗೆ ಒಂದು ಸುತ್ತನ್ನು ಪೂರೈಸುತ್ತದೆ. ಸ್ಪಿಂಡಲ್‌ಗೆ ಜೋಡಿಸಿದ ಎನ್‌ಕೋಡರ್ ಅದು ಎಷ್ಟು ತಿರುಗಿತೆಂಬುದನ್ನು ಎಣಿಸುತ್ತದೆ. ಅದಕ್ಕೆ ತಕ್ಕಷ್ಟು ಹೆಜ್ಜೆಗಳನ್ನು ನಿಯಂತ್ರಕವು ಮೋಟಾರಿಗೆ ಆದೇಶಿಸುತ್ತದೆ. ಉಳಿ ಲೋಹಕ್ಕೆ ಕಚ್ಚಿ ಸ್ಪಿಂಡಲಿನ ವೇಗ ತಗ್ಗಿದರೂ ಪಿಚ್ ಕೆಡದಿರುವುದಕ್ಕೆ ಈ ಎಣಿಕೆಯೇ ಆಧಾರ. ಒಂದೇ ಸುರುಳಿಯನ್ನು ಹಲವು ಸಲ ಕೊರೆದು ಆಳಗೊಳಿಸುವಾಗ ಪ್ರತಿ ಸಲವೂ ಉಳಿ ಅದೇ ಜಾಗದಿಂದ ಹೊರಡುವಂತೆ ನೋಡಿಕೊಳ್ಳುವುದೂ ಎನ್‌ಕೋಡರಿನ ನೆರವಿನಿಂದಲೇ.

ಹಿಂದಿನ ಉದಾಹರಣೆಯಲ್ಲಿ 1.5 ಮಿಲಿಮೀಟರ್ ಪಿಚ್‌ಗೆ ಸ್ಪಿಂಡಲಿನ ಪ್ರತಿ ಸುತ್ತಿಗೆ 50 ಹೆಜ್ಜೆಗಳು ಸಾಕು. ಆದರೆ 1 ಮಿಲಿಮೀಟರ್ ಪಿಚ್‌ಗೆ 33 ಮತ್ತು ಮೂರನೆಯ ಒಂದು ಹೆಜ್ಜೆ ಬೇಕು. ಆ ಉಳಿಕೆಯನ್ನು ಕೈಬಿಟ್ಟು ಪ್ರತಿ ಸುತ್ತಿಗೆ 33 ಹೆಜ್ಜೆ ಎಂದರೆ, 100 ಸುತ್ತುಗಳ ಕೊನೆಗೆ ಉಳಿ 100 ಮಿಲಿಮೀಟರ್ ಬದಲು 99 ಮಿಲಿಮೀಟರ್ ಮಾತ್ರ ಸಾಗಿರುತ್ತದೆ. ಆದುದರಿಂದ ನಿಯಂತ್ರಕವು ಉಳಿಕೆಯನ್ನು ಮುಂದಿನ ಸುತ್ತಿಗೆ ಒಯ್ದು ಲೆಕ್ಕ ಸರಿತೂಗಿಸಬೇಕು. ಈ ವಿಧಾನದ ಅನುಕೂಲವೂ ದೊಡ್ಡದು. ಅಂಗುಲ ಅಳತೆಯ ಲೀಡ್ ಸ್ಕ್ರೂವಿನಿಂದ ಮೆಟ್ರಿಕ್ ತಿರುಪನ್ನು ಕರಾರುವಾಕ್ಕಾಗಿ ಕೊರೆಯಲು ಗೇರು ಪದ್ಧತಿಯಲ್ಲಿ 127 ಹಲ್ಲುಗಳ ಗೇರು ಬೇಕಾಗುತ್ತದೆ. ಒಂದು ಅಂಗುಲ 25.4 ಮಿಲಿಮೀಟರಿಗೆ ಸಮ. ಅದರ ಐದು ಪಟ್ಟು 127. ಸ್ಟೆಪ್ಪರ್ ಮೋಟಾರಿನ ಲೇತ್‌ನಲ್ಲಿ ಇಂತಹ ಗೇರಿನ ಅಗತ್ಯವಿಲ್ಲ. ಸಂಖ್ಯೆಯನ್ನು ಬದಲಿಸಿದರೆ ಸಾಕು.

ಗೇರುಗಳು ಸ್ಪಿಂಡಲನ್ನೂ ಲೀಡ್ ಸ್ಕ್ರೂವನ್ನೂ ಬಿಡದೆ ಕಟ್ಟಿಹಾಕುತ್ತವೆ. ಸ್ಟೆಪ್ಪರ್ ಮೋಟಾರಿಗೆ ಆ ಕಟ್ಟು ಇಲ್ಲ. ಹೊರೆ ಮಿತಿಮೀರಿದರೆ ಅದು ಕೆಲವು ಹೆಜ್ಜೆಗಳನ್ನು ತಪ್ಪಬಹುದು. ಮೋಟಾರಿನ ಸ್ಥಾನವನ್ನು ತಿಳಿಸುವ ವ್ಯವಸ್ಥೆ ಬೇರೆ ಇಲ್ಲದಿದ್ದರೆ ನಿಯಂತ್ರಕಕ್ಕೆ ಅದರ ಸುಳಿವು ಹತ್ತುವುದಿಲ್ಲ, ಕೆಲಸ ಕೆಡುತ್ತದೆ. ವೇಗ ಹೆಚ್ಚಿದಂತೆ ಈ ಮೋಟಾರಿನ ತಿರುಚುಬಲವೂ ಕುಗ್ಗುತ್ತದೆ. ದೊಡ್ಡ ಯಂತ್ರಗಳಲ್ಲಿ ತನ್ನ ಸ್ಥಾನವನ್ನು ತಾನೇ ವರದಿ ಮಾಡುವ ಸರ್ವೋ ಮೋಟಾರುಗಳನ್ನು ಬಳಸುವುದು ಇದಕ್ಕಾಗಿ.

ಗೇರುಗಳ ಜಾಗಕ್ಕೆ ಮೋಟಾರು ಬಂದರೂ ಉಳಿಯನ್ನು ಮುಂದಕ್ಕೆ ಒಯ್ಯುವುದು ಈಗಲೂ ತಿರುಪೇ. ಅದರ ಪಿಚ್‌ನಲ್ಲಿರುವ ಏರುಪೇರು ಮತ್ತು ನಟ್ಟಿನ ಸಡಿಲ ಕೊರೆದ ಸುರುಳಿಯಲ್ಲಿ ಕಾಣಿಸಿಕೊಳ್ಳುತ್ತವೆ. ಈ ದೋಷವನ್ನು ನಿಯಂತ್ರಕದ ಲೆಕ್ಕದಿಂದ ಸರಿಪಡಿಸಬೇಕಾದರೂ ಮೊದಲು ಅದನ್ನು ಹೆಚ್ಚು ನಿಖರವಾದ ಸಾಧನದಿಂದ ಅಳೆಯಬೇಕಾಗುತ್ತದೆ. ಮಾದರಿ ತಿರುಪನ್ನೂ ಅದನ್ನು ಅಳೆಯುವ ಸಾಧನವನ್ನೂ ಜೊತೆಜೊತೆಯಾಗಿ ಉತ್ತಮಪಡಿಸುವ ಕ್ರಮವನ್ನು ಕಾರ್ಯಾಗಾರದಲ್ಲಿ ನೆಲೆಗೊಳಿಸಿದವರಲ್ಲಿ ಮಾಡ್‌ಸ್ಲೇ ಪ್ರಮುಖರು.